ಬೋಲ್ಡರಿನ ಟೆರಿ

ಕ್ಯಾನ್ಸಸ್‌ನ ಸಲೈನಾದಲ್ಲಿ ವರ್ಲಿನ್ ಸ್ಟಕಿಯನ್ನು ಬಲ್ಲವರೆಲ್ಲ ಹೇಳುವುದು ಒಂದೇ ಮಾತು: ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗ. ಮದುವೆ ಮನೆಗೆ ಹೋದರೂ ಸಾವಿನ ಮನೆಗೆ ಹೋದರೂ ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಲ್ಲುವ ಆಸಾಮಿ. ಹದಿನೆಂಟು ಚಕ್ರದ ಲಾರಿಯಲ್ಲಿ ಪಶ್ಚಿಮಕ್ಕೆ ಮಾಂಸ ಒಯ್ಯುತ್ತಿದ್ದ, ವಾಪಸು ಬರುವಾಗ ಸೊಪ್ಪು ತರಕಾರಿ ತರುತ್ತಿದ್ದ. ಅವನ ರಾಜಕೀಯವೂ ಊರಿನ ರಾಜಕೀಯವೇ. ತೆರಿಗೆ ಕಡಿಮೆ ಇರಬೇಕು, ಬಂದೂಕು ಮನೆಯಲ್ಲಿರಬೇಕು, ಸರ್ಕಾರ ಆದಷ್ಟು ದೂರ ಇರಬೇಕು. ಇಂಥವನ ಧ್ವನಿಯನ್ನು ದೇಶದ ಉದ್ದಗಲಕ್ಕೂ ಜನ ಗುರುತಿಸುತ್ತಿದ್ದರು, ಕೇಳಿ ಹಲ್ಲು ಕಡಿಯುತ್ತಿದ್ದರು ಎಂದರೆ ಸಲೈನಾದಲ್ಲಿ ಯಾರೂ ನಂಬುತ್ತಿರಲಿಲ್ಲ.

ಉಪಗ್ರಹ ರೇಡಿಯೋ ಬರುವ ಮೊದಲು ಲಾರಿಯವರ ಪಾಡು ಹೇಳತೀರದು. ರೇಡಿಯೋದಲ್ಲಿ ವಾದ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಗುಡ್ಡ ಅಡ್ಡ ಬರುತ್ತಿತ್ತು. ಗುಡ್ಡ ದಾಟಿದರೆ ಬೇರೆ ಊರಿನ ಸ್ಟೇಷನ್ನು, ಅದರಲ್ಲಿ ಜೋಳದ ದರ. ಆಕಾಶದಿಂದ ನೇರವಾಗಿ ಇಳಿಯುವ ರೇಡಿಯೋ ಬಂದ ಮೊದಲ ವರ್ಷವೇ ವರ್ಲಿನ್ ಪೆಟ್ಟಿಗೆ ಕೊಂಡು ತಂದ. ಅದರಲ್ಲಿ ಲಿಬರ್ಟಿ ಎಂಬ ವಾಹಿನಿಯಿತ್ತು. ಹಗಲು ರಾತ್ರಿ ಸಂಪ್ರದಾಯವಾದಿಗಳ ಮಾತು. ಶುರುವಿನಲ್ಲಿ ಅದಕ್ಕೆ ಸ್ವಂತದ್ದು ಅಂತ ಏನೂ ಇರಲಿಲ್ಲ. ನೆಲದ ಮೇಲಿನ ಸ್ಟೇಷನ್ನುಗಳ ಕಾರ್ಯಕ್ರಮಗಳನ್ನೇ ಎತ್ತಿ ಹಾಕುತ್ತಿದ್ದರು. ಆಯಾ ಊರಿನ ಜಾಹೀರಾತು ಬರಬೇಕಾದ ಜಾಗ ಖಾಲಿ ಬೀಳುತ್ತಿದ್ದುದರಿಂದ ಅಲ್ಲೆಲ್ಲ ಬೆನ್ನುನೋವಿನ ಮುಲಾಮಿನ ಹಾಡನ್ನೇ ತುಂಬುತ್ತಿದ್ದರು. ವರ್ಲಿನ್‌ಗೆ ಆ ಹಾಡು ಚರ್ಚಿನ ಹಾಡಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಆಮೇಲೆ ರಾಯ್ಸ್ ಟ್ಯಾಕೆಟ್ ಬಂದ. ಒಕ್ಲಹೋಮಾದವನು, ಮೊದಲು ದನದ ಸಂತೆಯಲ್ಲಿ ಹರಾಜು ಕೂಗುತ್ತಿದ್ದ. ಮಧ್ಯಾಹ್ನದ ಮೂರು ತಾಸು ಅವನದು. ಲಿಬರ್ಟಿಗೆ ಒಂದು ಮುಖ ಅಂತ ಸಿಕ್ಕಿದ್ದು ಅವನಿಂದ. ಆ ಚಳಿಗಾಲದಲ್ಲಿ ವಯೋಮಿಂಗ್‌ನ ಹೆದ್ದಾರಿ ಮುಚ್ಚಿ, ಲಾರಿಗಳೆಲ್ಲ ಹಿಮದಲ್ಲಿ ಹೂತು ನಿಂತವು. ರಾಯ್ಸ್ ತನ್ನ ಹೊತ್ತು ಮುಗಿದರೂ ಕುರ್ಚಿ ಬಿಟ್ಟು ಏಳಲಿಲ್ಲ. "ಯಾರಪ್ಪಾ ಅಲ್ಲಿ ಇಂಜಿನ್ ಓಡಿಸ್ಕೊಂಡು ಮಲಗಿರೋದು? ಏಳ್ರೋ. ಹೊಗೆ ಕೊಳವೆಗೆ ಹಿಮ ಕಟ್ಕೊಂಡ್ರೆ ವಿಷದ ಹೊಗೆ ಒಳಗೇ ತುಂಬಿ ನಿದ್ದೇಲೇ ಕಥೆ ಮುಗಿಯುತ್ತೆ. ಇಳಿದು ಕೆರೆದು ಬನ್ನಿ, ನಾನು ಇಲ್ಲೇ ಇರ್ತೀನಿ," ಎಂದು ಹರಾಜಿನ ಗಂಟಲಿನಲ್ಲಿ ಮತ್ತೆ ಮತ್ತೆ ಕೂಗಿದ. ಆ ಲಾರಿಗಳಲ್ಲೊಂದರಲ್ಲಿ ವರ್ಲಿನ್ ಮಲಗಿದ್ದ. ತಲೆ ಸುತ್ತುತ್ತಿತ್ತು, ಎಚ್ಚರವಾದದ್ದು ಆ ಕೂಗಿಗೆ. ಇಳಿದು ನೋಡಿದರೆ ಕೊಳವೆ ಪೂರ್ತಿ ಮುಚ್ಚಿತ್ತು.

ಆ ಮನುಷ್ಯನಿಗೆ ಒಂದು ಥ್ಯಾಂಕ್ಸ್ ಹೇಳಬೇಕೆಂದು ವರ್ಲಿನ್ ಫೋನು ಮಾಡಿದ. ಜೀವಮಾನದಲ್ಲಿ ಅವನಾಗಿ ಮಾತಾಡಬೇಕೆಂದು ಹೊರಟದ್ದು ಅದೊಂದೇ ಸಲ ಇರಬೇಕು. ಫೋನೆತ್ತಿದವಳು ಡೆಲ್ಫೀನ್. ಕರೆ ಮಾಡಿದವರ ಹೆಸರು, ಊರು ಕೇಳಿ ರಾಯ್ಸ್‌ನ ಪರದೆಯ ಮೇಲೆ ಬರೆಯುವುದು, ಯಾರನ್ನು ಯಾವಾಗ ಒಳಗೆ ಬಿಡಬೇಕೆಂದು ನೋಡುವುದು ಅವಳ ಕೆಲಸ.

"ಪರಾನೋ, ವಿರೋಧಾನೋ?" ಎಂದು ಅವಳು ಕೇಳಿದಳು.

"ಪರ. ಒಂದು ಮಾತು ಹೇಳ್ಬೇಕಿತ್ತು ಅಷ್ಟೇ."

"ಹಾಗಾದ್ರೆ ಕಾಯ್ಬೇಕು. ಹೊಗಳೋರ ಸಾಲು ಬಾಗಿಲು ದಾಟಿ ಬೀದಿಗೆ ಬಂದಿದೆ."

ಲಿಬರ್ಟಿಯ ಪದ್ಧತಿ ಹಾಗಿತ್ತು. ಹೌದೆನ್ನುವವರು ಕಾಯಬೇಕು, ಅಲ್ಲವೆನ್ನುವವರಿಗೆ ಮೊದಲ ಮಣೆ. ಜಗಳವಿಲ್ಲದಿದ್ದರೆ ಮಧ್ಯಾಹ್ನದ ಹೊತ್ತು ಯಾರು ಕೇಳುತ್ತಾರೆ? ವರ್ಲಿನ್ ನೆಬ್ರಾಸ್ಕಾ ರಾಜ್ಯದ ಅಷ್ಟಗಲಕ್ಕೂ ಫೋನು ಕಿವಿಗಿಟ್ಟುಕೊಂಡು ಕಾದ. ಸಾಲು ಕರಗುವ ಮೊದಲೇ ಕಾರ್ಯಕ್ರಮ ಮುಗಿಯಿತು. ಮರುದಿನವೂ ಅದೇ ಪಾಡು. ಅದರ ಮಾರನೆಯ ದಿನ ಅವನು ಮೂಗಿನಲ್ಲಿ ಸ್ವಲ್ಪ ರಾಗ ಎಳೆದು, "ವಿರೋಧ. ಹೆಸರು ಟೆರಿ. ಊರು ಬೋಲ್ಡರ್," ಎಂದ. ವಿರೋಧಿಗಳೆಲ್ಲ ಇರುವುದು ಕೊಲರಾಡೋದ ಬೋಲ್ಡರಿನಲ್ಲೇ ಎಂದು ಅವನ ನಂಬಿಕೆ.

ಒಳಗೆ ಹೋದ ಮೇಲೆ ನಿಜ ಹೇಳಿ ಥ್ಯಾಂಕ್ಸ್ ಹೇಳೋಣ ಎಂದು ಅವನ ಯೋಚನೆ. ರಾಯ್ಸ್ ಅದಕ್ಕೆ ಅವಕಾಶ ಕೊಡಬೇಕಲ್ಲ. "ಬಾರಪ್ಪಾ ಬೋಲ್ಡರು. ಬೆಳಗ್ಗೆ ಸೊಪ್ಪಿನ ರಸ ಕುಡಿದಾಯ್ತಾ? ಹೇಳು, ತೆರಿಗೆ ಕಟ್ಟಿ ನಿನ್ನ ಆಸ್ಪತ್ರೆ ಖರ್ಚು ನಾನ್ಯಾಕೆ ಕೊಡ್ಬೇಕು?" ಎಂದು ಮೇಲೆ ಬಿದ್ದ. ವರ್ಲಿನ್‌ಗೆ ಏನು ತೋಚಿತೋ, "ನಿನ್ನ ಮನೆ ಮುಂದಿನ ರಸ್ತೆ ಖರ್ಚು ನಾನ್ಯಾಕೆ ಕೊಟ್ಟೆ?" ಎಂದುಬಿಟ್ಟ. ಹರಾಜು ಕೂಗುವವನ ಬಾಯಿ ಕಟ್ಟಿಹಾಕಿದ್ದು ತಾನೇ ಎಂದು ವರ್ಲಿನ್‌ಗೆ ನಂಬಲಾಗಲಿಲ್ಲ. ಆಮೇಲೆ ಇಬ್ಬರೂ ಹಿಡಿದು ಬಾರಿಸಿಕೊಂಡರು. ಥ್ಯಾಂಕ್ಸ್ ಗಂಟಲಲ್ಲೇ ಉಳಿಯಿತು.

ಮುಂದೆ ವರ್ಷಗಟ್ಟಲೆ ಹೀಗೇ ನಡೆಯಿತು. ವಾರಕ್ಕೊಮ್ಮೆ ಟೆರಿ ಬರಲೇಬೇಕು. ಬೇಕಾದ ವಾದಗಳನ್ನು ವರ್ಲಿನ್ ಎದುರು ಪಕ್ಷದವರ ವಾಹಿನಿ ಕೇಳಿ ಕೂಡಿಹಾಕುತ್ತಿದ್ದ, ಪರೀಕ್ಷೆಗೆ ಓದುವ ಹುಡುಗನ ಹಾಗೆ. ಹೆಂಡತಿ ನೋರೀನ್ ಅಡುಗೆಮನೆಯ ರೇಡಿಯೋದಲ್ಲಿ ಮೊದಲ ದಿನವೇ ಧ್ವನಿ ಗುರುತು ಹಿಡಿದಿದ್ದಳು.

"ನನ್ನ ಹತ್ರ ಉಪ್ಪು ಕೊಡು ಅನ್ನೋಕೂ ನಿಂಗೆ ಬಾಯಿ ಬರಲ್ಲ," ಎಂದು ಅವನು ಮನೆಗೆ ಬಂದಾಗ ಹೇಳಿದಳು. "ಅಲ್ಲಿ ನೋಡಿದ್ರೆ ಭಾಷಣ ಬಿಗೀತೀಯ."

"ಉಪ್ಪು ಅಲ್ಲೇ ಇರುತ್ತಲ್ಲ," ಎಂದ ವರ್ಲಿನ್.

"ಬೈಬಲ್ ತರಗತೀಲಿ ಇವತ್ತು ಟೆರಿಗೆ ಒಳ್ಳೆ ಬುದ್ಧಿ ಕೊಡಪ್ಪಾ ಅಂತ ಪ್ರಾರ್ಥನೆ ಮಾಡಿದ್ರು. ನಾನೂ ಕೈ ಮುಗಿದೆ. ಇನ್ನೇನು ಮಾಡ್ಲಿ?"

"ಥ್ಯಾಂಕ್ಸ್ ಹೇಳ್ಬೇಕು ಅಂತಾನೇ ಪ್ರತಿ ಸಲ ಫೋನ್ ಮಾಡೋದು ನೋರೀನ್. ಆಗ್ತಾನೇ ಇಲ್ಲ."

"ಹಂಗಂದ್ಕೊಂಡೇ ಇರು," ಎಂದು ಅವಳು ತಟ್ಟೆಗಳನ್ನು ತೊಳೆಯಲು ಹೋದಳು.

ಇಷ್ಟೆಲ್ಲ ವಾದಿಸಿ ಅವನ ಮನಸ್ಸು ಬದಲಾಯಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಮತ ಹಾಕುವಾಗ ಅವನ ಕೈ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗುತ್ತಿತ್ತು. ರಾಯ್ಸ್ ಹೇಳಿದ್ದಕ್ಕೆಲ್ಲ ಲಾರಿಯೊಳಗೆ ತಲೆಯಾಡಿಸುತ್ತಿದ್ದ, ಆಮೇಲೆ ಫೋನು ಮಾಡಿ ಅಲ್ಲ ಎನ್ನುತ್ತಿದ್ದ.

ಅಷ್ಟರಲ್ಲಿ ಎರಡು ಉಪಗ್ರಹ ಕಂಪನಿಗಳು ಸೇರಿ ಒಂದಾದವು. ರೇಡಿಯೋದಲ್ಲಿ ಲಿಬರ್ಟಿ ಬರುವ ಸಂಖ್ಯೆ ಬದಲಾಯಿತು. ಹಳೆಯ ಸಂಖ್ಯೆ ತಿರುಗಿಸಿದ ಲಾರಿಯವರಿಗೆಲ್ಲ ಜಾಝ್ ಸಂಗೀತ ಸಿಕ್ಕಿ ತಂಗುದಾಣಗಳಲ್ಲಿ ಬೈಗುಳದ ಮಳೆಯಾಯಿತು. ಕೆಲವು ವರ್ಷಕ್ಕೆ ಹೆಸರೂ ಬದಲಾಗಿ ಹೋಮ್‌ಲ್ಯಾಂಡ್ ಎಂದಾಯಿತು. ಚುನಾವಣೆಯಿಂದ ಚುನಾವಣೆಗೆ ಕೇಳುಗರ ಸಿಟ್ಟು ಏರುತ್ತಾ ಹೋಯಿತು. ಹೊಸ ವ್ಯವಸ್ಥಾಪಕರು ಲೆಕ್ಕ ಹಾಕಿ ನೋಡಿದರು. ವಿರೋಧಿಯ ಧ್ವನಿ ಕೇಳಿದ ಕೂಡಲೇ ಈಗ ಜನ ರೇಡಿಯೋ ಆರಿಸುತ್ತಿದ್ದರು. ಹಳೆಯ ಪದ್ಧತಿ ತಿರುಗುಮುರುಗಾಯಿತು. ಇನ್ನು ಹೌದೆನ್ನುವವರಿಗೆ ಮಾತ್ರ ಬಾಗಿಲು. ರಾಯ್ಸ್ ಬೇರೆ ವಿರೋಧಿಗಳನ್ನೆಲ್ಲ ಬಿಟ್ಟುಕೊಟ್ಟ, ಟೆರಿಯನ್ನು ಮಾತ್ರ ಬಿಡಲಿಲ್ಲ. ಅದಕ್ಕೇ ಆ ವರ್ಷ ರಾಯ್ಸ್‌ನ ಒಪ್ಪಂದ ಮುಂದುವರಿಯಲಿಲ್ಲ.

ರಾಯ್ಸ್‌ನ ಕೊನೆಯ ಕಾರ್ಯಕ್ರಮದ ದಿನ ವರ್ಲಿನ್ ನೆಬ್ರಾಸ್ಕಾದ ಒಂದು ತಂಗುದಾಣದಲ್ಲಿ ಲಾರಿ ನಿಲ್ಲಿಸಿ, ಮೂಗಿನ ರಾಗವಿಲ್ಲದೆ ಫೋನು ಮಾಡಿದ. ಇವತ್ತು ಬಿಟ್ಟರೆ ಥ್ಯಾಂಕ್ಸ್ ಹೇಳಲು ಇನ್ನೊಂದು ದಿನವಿರಲಿಲ್ಲ.

"ಸಲೈನಾದ ವರ್ಲಿನ್ ಸ್ಟಕಿ ಅಂತ ಬರೀರಿ. ಪರ."

ಡೆಲ್ಫೀನ್ ಧ್ವನಿ ಗುರುತು ಹಿಡಿದಳು. "ನೀವು ಟೆರಿ ಅಲ್ವಾ?"

ವರ್ಲಿನ್ ಹಿಮದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ.

"ಇಷ್ಟು ವರ್ಷ ನನಗೇ ಟೋಪಿ ಹಾಕಿದ್ರಲ್ಲ ಪುಣ್ಯಾತ್ಮ," ಎಂದಳು ಅಷ್ಟೇ. "ಸ್ವಲ್ಪ ಕೇಳಿಸ್ಕೊಳ್ಳಿ, ಅವರು ಈಗ ಮಾತಾಡ್ತಿದಾರೆ. ಆಮೇಲೆ ಏನು ಬರೀಬೇಕು ಅಂತ ಹೇಳಿ."

ಫೋನಿನಲ್ಲಿ ರಾಯ್ಸ್‌ನ ಧ್ವನಿ ಬಂತು. "ಟೆರೀನ ತೆಗೆದುಹಾಕು ಅಂದ್ರು. ನಾನು ಅಂದೆ, ಆಗಲ್ಲ ಕಣ್ರಯ್ಯ. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನೋ ಜನ ನನಗೆ ಬೇಕಾದಷ್ಟಿದಾರೆ. ಅವನೊಬ್ಬ ನಾನು ಹೇಳಿದ್ದನ್ನ ಪೂರ್ತಿ ಕೇಳಿ, ಆಮೇಲೆ ಅಲ್ಲ ಅಂತಾನೆ. ಅಂಥೋನು ಒಬ್ಬ ಇದಾನೆ ಅಂತಾನೇ ನಾನು ದಿನಾ ಇಲ್ಲಿಗೆ ಬರ್ತಿದ್ದೆ. ಕೆಲಸ ಹೋಯ್ತು. ಹೋಗ್ಲಿ ಬಿಡಿ, ಬೇಜಾರಿಲ್ಲ."

ವರ್ಲಿನ್ ಕೇಳುತ್ತಾ ಕೂತ. ಥ್ಯಾಂಕ್ಸ್ ಹೇಳಬೇಕಾದರೆ ಟೆರಿ ಎಂಬುವನು ಇರಲೇ ಇಲ್ಲ ಎಂದು ಹೇಳಬೇಕಿತ್ತು.

"ಏನು ಬರೀಲಿ?" ಎಂದಳು ಡೆಲ್ಫೀನ್.

"ಟೆರಿ," ಎಂದ ವರ್ಲಿನ್. "ಬೋಲ್ಡರ್. ವಿರೋಧ."

"ಬಂದ್ಯಾ?" ಎಂದ ರಾಯ್ಸ್. "ಇವತ್ತು ಜಗಳ ಬೇಡ. ಒಂದೇ ಒಂದು ಕೇಳ್ತೀನಿ, ದೇವರಾಣೆ ನಿಜ ಹೇಳು. ಇಷ್ಟು ವರ್ಷದಲ್ಲಿ ಒಂದು ಸಲಾನಾದ್ರೂ ನಾನು ಹೇಳಿದ್ದು ಸರಿ ಅನ್ನಿಸಿತ್ತಾ?"

ವರ್ಲಿನ್ ಕಣ್ಣು ಒರೆಸಿಕೊಂಡ. ಮೂಗಿನಲ್ಲಿ ರಾಗ ತಂದುಕೊಂಡ.

"ಒಂದು ಸಲಾನೂ ಇಲ್ಲ," ಎಂದ.