ಜಡೆಯೊಳಗೆ ಸಿಕ್ಕಿದ ಸೀಗೆಪುಡಿ

ಇವತ್ತು ಬೆಳಿಗ್ಗೆ ಬಾತ್‌ರೂಮಿನ ಡ್ರಾಯರಿನಲ್ಲಿ ನೇಲ್ ಕಟರ್ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಒಂದು ಹಳೆಯ ಬಾಚಣಿಗೆ. ಕಪ್ಪು ಪ್ಲಾಸ್ಟಿಕ್ಕಿನದು, ಹಿಡಿ ಇರಬೇಕಾದ ಕಡೆ ಇಲಿಬಾಲದಂಥ ಉದ್ದನೆಯ ಕಡ್ಡಿ. ಎತ್ತಿ ಮೂಸಿದೆ. ಬಾಚಣಿಗೆಯನ್ನು ಯಾರಾದರೂ ಮೂಸುತ್ತಾರೆಯೇ ಎಂದು ನೀವು ನಗಬಹುದು, ನಗಿ. ಇಷ್ಟು ವರ್ಷವಾದರೂ ಅದರ ಹಲ್ಲುಗಳ ಸಂದಿಯಲ್ಲಿ ಪುದೀನ ಬೆರೆತ ಎಣ್ಣೆಯ ವಾಸನೆ ಉಳಿದಿತ್ತು, ಅಥವಾ ಉಳಿದಿದೆ ಎಂದು ನನ್ನ ಮೂಗು ಹಟ ಹಿಡಿಯಿತು. ಅದೇ ಹೊತ್ತಿಗೆ ಹಾಲ್‌ನಿಂದ ಅಮ್ಮ ಕತ್ತರಿ ಕೇಳಿದಳು. ಮೈಸೂರಿನಿಂದ ನಮ್ಮ ಆಸ್ಟಿನ್ ಮನೆಗೆ ಬಂದವಳು ಹತ್ತು ದಿನ ಜ್ವರದಲ್ಲಿ ಮಲಗಿ, ಈಗಷ್ಟೇ ಎದ್ದು ಕೂತಿದ್ದಾಳೆ. ತಲೆಯೆಲ್ಲ ಸಿಕ್ಕುಗಟ್ಟಿ ಹಕ್ಕಿಗೂಡಾಗಿದೆ. ಬಿಡಿಸಲಾರದೆ ಕತ್ತರಿಸಿ ಎಸೆಯುವ ತೀರ್ಮಾನಕ್ಕೆ ಬಂದಿದ್ದಳು.

ಗುಂಗುರು ಕೂದಲು ನನಗೆ ಬಂದದ್ದು ಅವಳಿಂದಲೇ. ತನ್ನದನ್ನು ಅವಳು ಎಣ್ಣೆಯಲ್ಲಿ ಅದ್ದಿ, ಬಿಗಿಯಾಗಿ ತುರುಬು ಕಟ್ಟಿ, ಜನ್ಮವಿಡೀ ಅಡಗಿಸಿಟ್ಟಳು. ನನ್ನದನ್ನು ಅಡಗಿಸಲು ಸ್ಕೂಲಿಗೆ ಹೊರಡುವ ಮುಂಚೆ ದಿನವೂ ಒಂದು ಸಣ್ಣ ಕುರುಕ್ಷೇತ್ರ. ಒಣಗಿದ ತಲೆಗೆ ನೆತ್ತಿಯಿಂದ ಬಾಚಣಿಗೆ ಇಳಿಸಿದರೆ ನನ್ನ ಕಣ್ಣಲ್ಲಿ ನೀರು. "ತಡ್ಕೋ, ಆಯ್ತು" ಎನ್ನುತ್ತಿದ್ದಳು. ಆಗುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಬೀದಿಯ ಹುಡುಗಿಯರಿಗೆಲ್ಲ ಮೊಗ್ಗಿನ ಜಡೆ ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿಯೂ ನನ್ನ ತಲೆ ಮುಟ್ಟಿ ನೋಡಿ ಸೂಜಿ ಕೆಳಗಿಟ್ಟಿದ್ದರು. ಮೊಗ್ಗಿನ ಬದಲು ಒಂದು ಮೊಳ ಹೂ ಮುಡಿಸಿಕೊಂಡು ಮನೆಗೆ ಬಂದವಳು ನಾನೊಬ್ಬಳೇ.

ಆ ತಲೆಯನ್ನು ಹೊತ್ತುಕೊಂಡೇ ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ರಿಚರ್ಡ್‌ಸನ್ ಊರಿಗೆ ಎಂ.ಎಸ್. ಓದಲು ಬಂದೆ. ಅಪಾರ್ಟ್‌ಮೆಂಟಿನಲ್ಲಿ ಜೊತೆಗಿದ್ದವಳು ಹುಬ್ಬಳ್ಳಿಯ ಶಾಹೀದಾ. ನೀರು ಗಡಸೋ, ಏಸಿಯ ಗಾಳಿಯೋ, ಪರೀಕ್ಷೆಯ ಚಿಂತೆಯೋ, ಆರು ತಿಂಗಳಲ್ಲಿ ಕೂದಲು ಉದುರಿ ಉದುರಿ ಬಾತ್‌ಟಬ್ಬಿನ ನೀರು ಇಳಿಯದಂತಾಯಿತು. ಶಾಹೀದಾ ತಂತಿ ಹಾಕಿ ಉಂಡೆಯನ್ನು ಎಳೆದು ತೆಗೆದು, "ಬೆಕ್ಕು ಸಿಕ್ಕೊಂಡೈತಿ ಅಂತ ಮಾಡಿದ್ದೆ ನೋಡವಾ" ಎಂದಳು. ನಕ್ಕೆ, ಆದರೆ ನಿಜಕ್ಕೂ ಹೆದರಿದ್ದೆ. ಕಿವಿಗಳ ಮೇಲೆ ಎರಡೂ ಕಡೆ ಚರ್ಮ ಕಾಣುತ್ತಿತ್ತು. ಇಪ್ಪತ್ಮೂರು ವರ್ಷ ಬೈದುಕೊಂಡ ಕೂದಲು ಬಿಟ್ಟುಹೋಗುತ್ತಿದೆ ಎಂದಾಗ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಕೆಳಗಿನ ಮನೆಯಲ್ಲಿ ಮಿಸ್ ಅರ್ನೆಸ್ಟೀನ್ ಇದ್ದರು. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಕಪ್ಪು ಹೆಂಗಸು. ಶನಿವಾರ ತಮ್ಮ ಮೊಮ್ಮಕ್ಕಳಿಗೂ ಚರ್ಚಿನ ಹುಡುಗಿಯರಿಗೂ ಜಡೆ ಹೆಣೆಯುತ್ತಿದ್ದರು. ಮೊದಲ ಸಲ ಅವರನ್ನು ಅಭ್ಯಾಸಬಲದಿಂದ ಆಂಟಿ ಎಂದುಬಿಟ್ಟೆ. ಒಂದು ಕಾಲದಲ್ಲಿ ತಮ್ಮ ತಾಯಿಯಂಥ ಕಪ್ಪು ಹೆಂಗಸರನ್ನು ಗೌರವದಿಂದ ಮಿಸ್ ಎನ್ನಲು ಮನಸ್ಸಿಲ್ಲದ ಬಿಳಿಯರು ಹಾಗೆ ಕರೆಯುತ್ತಿದ್ದರೆಂದು ಮೆತ್ತಗೆ ತಿಳಿಸಿ, ಮಿಸ್ ಎನ್ನು ಸಾಕು ಎಂದರು. ಆಮೇಲೆ ಲಾಂಡ್ರಿ ರೂಮಿನಲ್ಲಿ ನನ್ನ ತಲೆ ನೋಡಿ, ಈ ಕೂದಲಿಗೆ ರೋಗವೇನೂ ಇಲ್ಲ, ದಿನವೂ ಎಳೆದಾಡುವುದನ್ನು ಬಿಡಬೇಕು ಅಷ್ಟೇ, ಹೆಣೆದುಬಿಟ್ಟರೆ ಅದಕ್ಕೂ ವಿಶ್ರಾಂತಿ ಎಂದರು.

ಮುಂದಿನ ಶನಿವಾರ ಅವರ ಮೊಣಕಾಲುಗಳ ನಡುವೆ ದಿಂಬಿನ ಮೇಲೆ ಕೂತೆ. ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ನಮ್ಮ ಚೌರಿಯಂಥದ್ದೇ ಕೂದಲು ಸೇರಿಸಿ ನಲವತ್ತೆರಡು ಜಡೆ ಹೆಣೆದರು. ಒಂದು ಜಡೆ ಬಿಗಿಯಾಯಿತು. ತಡೆದುಕೊಂಡು ಸುಮ್ಮನಿದ್ದೆ. ಅದು ಹೇಗೋ ಅವರಿಗೆ ಗೊತ್ತಾಗಿ ಬಿಚ್ಚಿದರು. ಅವರ ಮಾತನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ನೋವಾದರೆ ಹೇಳಬೇಕಮ್ಮ. ತಡ್ಕೊಂಡೋರಿಗೆ ಇಲ್ಲಿ ಬಹುಮಾನ ಇಲ್ಲ." ಅಲ್ಲಿಯವರೆಗೆ ನನ್ನ ತಲೆಗೆ ಕೈಹಾಕಿದ ಯಾರೂ ಇದನ್ನು ಹೇಳಿರಲಿಲ್ಲ.

ಮಲಗುವಾಗ ಸ್ಯಾಟಿನ್ ಬಟ್ಟೆ ಕಟ್ಟಿಕೋ, ಬೈತಲೆಗೆ ಮಾತ್ರ ಎರಡು ಹನಿ ಪುದೀನ ಬೆರೆತ ಎಣ್ಣೆ, ತೊಳೆಯುವಾಗ ನೀರು ಬೆರೆಸಿದ ಶಾಂಪೂ, ತಿಂಗಳೊಪ್ಪತ್ತಿಗಿಂತ ಹೆಚ್ಚು ಇಟ್ಟುಕೊಳ್ಳಬೇಡ. ಇವು ಅವರ ನಿಯಮಗಳು. ಮೂರು ವಾರ ತಪ್ಪದೆ ಪಾಲಿಸಿದೆ. ಅಷ್ಟರಲ್ಲಿ ದೀಪಾವಳಿ ಬಂತು.

ಅಮ್ಮ ಫೋನಿನಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನ ಮರೆಯಬೇಡ ಎಂದಳು. ಅವಳೇ ಕಟ್ಟಿಕೊಟ್ಟಿದ್ದ ಸೀಗೆಪುಡಿ ಡಬ್ಬದಲ್ಲಿ ಹಾಗೇ ಇತ್ತು. ಹಬ್ಬ ಹಬ್ಬವೇ ಅಲ್ಲವೇ? ನಸುಕಿನಲ್ಲೆದ್ದು ನಲವತ್ತೆರಡು ಜಡೆಗೂ ಬಿಸಿ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಕಲಸಿ ಭಕ್ತಿಯಿಂದ ಉಜ್ಜಿದೆ. ಇಂಜಿನಿಯರಿಂಗ್ ಓದಿದ ತಲೆ ನೋಡಿ, ಹೆಣೆದ ಕೂದಲೊಳಗೆ ಹೋದ ಪುಡಿ ಹೊರಗೆ ಬರುವುದು ಹೇಗೆಂದು ಒಂದು ಕ್ಷಣವೂ ಯೋಚಿಸಲಿಲ್ಲ. ಗಂಟೆಗಟ್ಟಲೆ ನೀರು ಸುರಿದರೂ ಹೋಗಲಿಲ್ಲ. ಒಣಗಿದ ಮೇಲೆ ಬುಡದಲ್ಲೆಲ್ಲ ಸಗಣಿ ಸಾರಿಸಿದಂತೆ ಗಟ್ಟಿಯಾಗಿ ಕೂತಿತು.

ಮೂರು ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಕ್ಲಾಸಿಗೆ ಹೋದೆ. ಮಿಸ್ ಕಂಡರೆ ಮೆಟ್ಟಿಲ ಹಿಂದೆ ಅಡಗಿದೆ. ದಿನವಿಡೀ ಕೂತು ಹೆಣೆದ ಕೆಲಸವನ್ನು ಹೀಗೆ ಮಾಡಿಕೊಂಡೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ನಾಲ್ಕನೆಯ ದಿನ ನಾನೇ ಒಂದು ಜಡೆ ಬಿಚ್ಚಹೋದೆ, ಕೂದಲು ನಡುವಿಗೇ ತುಂಡಾಗಿ ಕೈಗೆ ಬಂತು. ಕತ್ತರಿ ತೆಗೆದುಕೊಂಡೆ. ಶಾಹೀದಾ ಕಿತ್ತುಕೊಂಡಳು. "ಮೊದಲ ಆಕಿ ಮುಂದ ಹೋಗಿ ತಪ್ಪಾತು ಅನ್ನು. ಆಮ್ಯಾಲೆ ಬೇಕಾದ್ರ ಬೋಳಿಸ್ಕೋ" ಎಂದು ಕೈಹಿಡಿದು ಕೆಳಗೆ ಎಳೆದುಕೊಂಡು ಹೋದಳು.

ಮಿಸ್ ಬಟ್ಟೆ ಬಿಚ್ಚಿ ನೋಡಿದರು. ಬೈಗುಳಕ್ಕೆ ಕಾಯುತ್ತಿದ್ದೆ. ಅಮ್ಮ ಕೊಟ್ಟದ್ದಾ ಎಂದಷ್ಟೇ ಕೇಳಿದರು. ಹೌದೆಂದೆ. ಅಮ್ಮಂದಿರ ಮದ್ದನ್ನು ಬೇಡ ಎನ್ನುವುದು ಕಷ್ಟ ಎಂದು ನಕ್ಕು, ಅಂದಿನ ಚರ್ಚಿನ ಹಾಡಿನ ಅಭ್ಯಾಸಕ್ಕೆ ಬರುವುದಿಲ್ಲವೆಂದು ಫೋನ್ ಮಾಡಿ, ದಿಂಬು ಹಾಕಿದರು. ಕಂಡೀಷನರ್ ಬೆರೆಸಿದ ನೀರು ಚಿಮುಕಿಸಿ, ಕಾದು, ಪುಡಿ ಮೆತ್ತಗಾದ ಮೇಲೆ ತುದಿಯಿಂದ ಬಾಚಣಿಗೆಯ ಬಾಲದಲ್ಲಿ ಒಂದೊಂದೇ ಎಳೆ. ಮಧ್ಯಾಹ್ನ ಹೋಗಿ ಸಂಜೆಯಾಯಿತು. ಅವರ ಬೆರಳು ಸೆಟೆದುಕೊಂಡಾಗ ಬಿಸಿನೀರಿನಲ್ಲಿ ಅದ್ದಿ ಮತ್ತೆ ಕೂರುತ್ತಿದ್ದರು. ನಡುವೆ ಒಮ್ಮೆ ನೋವಾ ಎಂದರು. ಹೌದು ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಎಲ್ಲ ಬಿಚ್ಚಿದಾಗ ನೆಲದ ಮೇಲೆ ನನ್ನದೇ ಕೂದಲಿನ ಗುಡ್ಡೆ. ಎಲ್ಲಾ ಹೋಯಿತು ಎಂದು ಅಳತೊಡಗಿದೆ. ಅವರು ಗದರಿದರು. ಅದು ಮೂರು ವಾರದಲ್ಲಿ ಹೇಗೂ ಉದುರಬೇಕಾಗಿದ್ದ ಕೂದಲು, ಜಡೆ ಅದನ್ನು ಹಿಡಿದಿಟ್ಟಿತ್ತು ಅಷ್ಟೇ. "ಬಿದ್ದದ್ದನ್ನ ನೋಡಬೇಡ, ಉಳಿದದ್ದನ್ನ ನೋಡು" ಎಂದು ನನ್ನ ಬೆರಳನ್ನು ಹಿಡಿದು ಕಿವಿಯ ಮೇಲಿನ ಬೋಳು ಜಾಗಕ್ಕೆ ಮುಟ್ಟಿಸಿದರು. ಮುಳ್ಳುಮುಳ್ಳಾಗಿ ಹೊಸ ಕೂದಲು ಬಂದಿತ್ತು.

ಓದು ಮುಗಿಯುವವರೆಗೂ ಅವರೇ ನನಗೆ ಹೆಣೆದರು. ಪ್ರತಿಯಾಗಿ ಅವರು ಒಪ್ಪಿಕೊಂಡದ್ದು ಶಾಹೀದಾಳ ಚಿತ್ರಾನ್ನ ಮಾತ್ರ. ನನ್ನದನ್ನು ಒಮ್ಮೆ ತಿಂದವರು ಮತ್ತೆ ಕೇಳಲಿಲ್ಲ. ಹೂಸ್ಟನ್ನಿನ ಮಗಳ ಮನೆಗೆ ಶಿಫ್ಟ್ ಆಗುವಾಗ ಈ ಬಾಚಣಿಗೆ ಕೊಟ್ಟರು. ಈಗ ಅವರಿಲ್ಲ. ಬದುಕಿನಲ್ಲಿ ನನಗೆ ಪಾಠ ಹೇಳಿದವರು ಬಹಳ ಜನ. ನನ್ನ ತಲೆಯನ್ನು ನನಗೆ ವಾಪಸು ಕೊಟ್ಟವರು ಅವರೊಬ್ಬರೇ.

ಅಮ್ಮನಿಗೆ ಕತ್ತರಿ ಕೊಡಲಿಲ್ಲ. ನೆಲದ ಮೇಲೆ ದಿಂಬು ಹಾಕಿ ನನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡೆ. ನೀರು ಚಿಮುಕಿಸಿ, ತುದಿಯಿಂದ ಶುರುಮಾಡಿ, ನೋವಾದರೆ ಹೇಳು ಎಂದೆ. ಸ್ವಲ್ಪ ಹೊತ್ತಿಗೆ ಅವಳ ಭುಜ ಸಣ್ಣಗೆ ಬಿಗಿದದ್ದು ನನ್ನ ಮೊಣಕಾಲಿಗೆ ತಿಳಿಯಿತು. ಕೈ ನಿಲ್ಲಿಸಿದೆ.

"ಹೇಳು ಅಂದ್ನಲ್ಲಮ್ಮ."

"ಅಭ್ಯಾಸ ಇಲ್ಲ ಕಣೇ," ಎಂದಳು. ಅವಳ ತಲೆ ಬಾಚುವಾಗ ನಮ್ಮಜ್ಜಿಯೂ ಒಂದು ದಿನವೂ ನೋವಾ ಎಂದು ಕೇಳಿದವಳಲ್ಲವಂತೆ.

ಮತ್ತೆ ಬಿಡಿಸತೊಡಗಿದೆ. ಗೋಡೆಯ ಮೇಲಿನ ಬಿಸಿಲು ಸೋಫಾದವರೆಗೆ ಇಳಿದಿತ್ತು. ಆಗ ಅಮ್ಮ ಕೈಯೆತ್ತಿ ಕಿವಿಯ ಹಿಂದೆ ತೋರಿಸಿ, ಹೊಸದಾಗಿ ಮಾತು ಕಲಿತವಳಂತೆ ಮೆಲ್ಲಗೆ, "ಇಲ್ಲಿ ನೋಯ್ತಾ ಇದೆ" ಎಂದಳು.