ಹಳೇ ವಿಳಾಸಕ್ಕೆ ಬಂದವರು

ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ವೆಬ್‌ಸೈಟಿನ ಹೆಸರು ಬದಲಿಸಿದಾಗ, ಸರ್ವರ್ ಕೆಲಸ ಬಲ್ಲ ಒಬ್ಬರು ಬಾಗಲಕೋಟೆಯ ನವನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೀಬೋರ್ಡ್ ಮುಟ್ಟುವ ಮೊದಲು ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುವರು. ಹಳೆಯ ಪುಟ ಹುಡುಕಿ ಬಂದವರು ಯಾವ ಹೊಸ ಪುಟಕ್ಕೆ ಹೋಗಬೇಕೆಂದು ಸರ್ವರಿನ ಫೈಲಿನಲ್ಲಿ ಒಂದೊಂದೇ ಸಾಲು ಬರೆಯುವರು. ನನಗೋ ತಾಳ್ಮೆ ಕಡಿಮೆ.

"ಎಲ್ಲಾರನ್ನೂ ಮೊದಲನೇ ಪುಟಕ್ಕ ಕಳಿಸಿಬಿಡ್ರಿ, ಲಗೂ ಮುಗೀತೈತಿ," ಎಂದೆ.

"ಊರ ಅಗಸಿ ಬಾಗಲದಾಗ ಬಿಟ್ಟು ಬಂದಂಗ ಆಗತೈತ್ರಿ. ಬಂದವ್ರನ್ನ ಮನಿ ಮಟಾ ಮುಟ್ಟಿಸಬೇಕು."

ಮನಿ ಮಟಾ ಮುಟ್ಟಿಸಬೇಕು ಎಂಬುದು ಅವರ ನಿತ್ಯದ ಮಾತು. ಅಂದು ಮಾತ್ರ ಮುಂದುವರಿಸಿದರು. ಹಳೇ ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಅವರ ಓಣಿಯವರೆಲ್ಲ ಮನೆ ಬಿಟ್ಟಾಗ, ಅವರ ತಾಯಿ ಒಂದೊಂದು ಗೋಡೆಯ ಮೇಲೂ ಆ ಮನೆಯವರು ಹೋದ ನವನಗರದ ಸೆಕ್ಟರು, ಮನೆ ನಂಬರು ಸುಣ್ಣದಲ್ಲಿ ಬರೆದಿಟ್ಟರಂತೆ.

"ಯಾರರ ಹುಡುಕ್ಕೊಂತ ಬಂದ್ರ ಬೇಕಲ್ರಿ," ಎಂದು ಮತ್ತೆ ಬೆರಳು ಒರೆಸಿಕೊಂಡರು.

ಅವರು ಬರುವುದು ನಿಂತು ವರ್ಷಗಳಾದವು. ಫೋನ್ ನಂಬರೂ ಬದಲಾಗಿದೆ. ಮೊನ್ನೆ ಆ ಫೈಲು ತೆರೆದೆ. ಎಲ್ಲಕ್ಕಿಂತ ಕೆಳಗೆ, ಸರ್ವರ್ ಓದದೆ ಬಿಡುವ ಟಿಪ್ಪಣಿಯ ಸಾಲಿನಲ್ಲಿ, ಅವರ ಹಳೇ ಓಣಿಯ ಹೆಸರಿತ್ತು. ಅದರ ಮುಂದೆ ನವನಗರದ ಒಂದು ಸೆಕ್ಟರು, ಮನೆ ನಂಬರು.

ಮರುದಿನ ಮುಂಜಾನೆ ಬಾಗಲಕೋಟೆಯ ಬಸ್ಸು ಹತ್ತಿದೆ.