ಹುಳ ಕುಡಿದ ಬಾಯಿ

ಅವರ ಮೂಗಿನ ತುದಿ ಯಾವಾಗಲೂ ಒದ್ದೆ ಇರುತ್ತಿತ್ತು. ಏಡಿ ಹೊಂಡದ ದಂಡೆಗೆ ಬಂದವರೇ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಬೊಗಸೆಯಲ್ಲಿ ನೀರು ತುಂಬಿ ಮೂಸುತ್ತಿದ್ದರು. ದೂರದಿಂದ ಮೂಸಿದರೆ ಸಮಾಧಾನವಿಲ್ಲ, ಮೂಗೇ ನೀರಿಗೆ ಅದ್ದಬೇಕು. ಪಣಜಿಯ ಕಾಲೇಜಿನಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತರಾದ ಹೆಂಗಸು ಹೀಗೆ ಹೊಂಡ ಮೂಸುವುದನ್ನು ಮೊದಲ ಸಲ ಕಂಡಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ.

ನಾವು ವಿಜಾಪುರದ ಕಡೆಯವರು. ಪಣಜಿ ಹತ್ತಿರದ ಚಿಂಬಲದಲ್ಲಿದ್ದು ಕಟ್ಟಡದ ಕೆಲಸ ಮಾಡಿ ಸಾಕಾಗಿ, ಗಂಡ ಹೆಂಡತಿ ಇಬ್ಬರೂ ಕಾಣಕೋಣದ ಈ ಏಡಿ ಸಾಕುವ ಹೊಂಡದ ಕೆಲಸಕ್ಕೆ ಸೇರಿದ್ದೆವು. ದಂಡೆಯ ಮೇಲೊಂದು ಕೋಣೆ ಕೊಟ್ಟಿದ್ದರು. ಗೋವಾಕ್ಕೆ ಬಂದಮೇಲೆ ನಮಗೆ ಸಿಕ್ಕ ಮೊದಲ ಗಟ್ಟಿ ಸೂರು ಅದು. ಮಾಲೀಕನನ್ನು ಎಲ್ಲರ ಹಾಗೆ ‘ಪಾತ್ರಾಂವ್’ ಅನ್ನುತ್ತಿದ್ದೆವು, ಇವರನ್ನು ‘ಬಾಯಿ’. ಅಲ್ಲಿ ಮರ್ಯಾದಸ್ಥ ಹೆಂಗಸರಿಗೆ ಹಾಗೇ ಅನ್ನುವುದು. ಧಾರವಾಡದಲ್ಲಿ ಓದಿದವರು, ನಮ್ಮ ಮಾತು ಅವರಿಗೆ ಭಾಳ ಚಲೋ ಬರುತ್ತಿತ್ತು.

ಆ ವರ್ಷ ಏಡಿಗಳು ಸಾಯತೊಡಗಿದವು. ಚಿಪ್ಪಿನ ಮೇಲೆ ಕಂದು ಕಲೆ, ಜೋತುಬಿದ್ದ ಕಾಲು, ಬೆಳಿಗ್ಗೆ ಹೋಗಿ ನೋಡಿದರೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾವ ಔಷಧಿಗೂ ರೋಗ ಜಗ್ಗಲಿಲ್ಲ. ಕಡೆಗೆ ಪಾತ್ರಾಂವ್ ಬಾಯಿಯನ್ನು ಕರೆಸಿದ. ಅವರು ಒಂದು ಕ್ಯಾನ್ ತಂದರು. ಒಳಗೆ ಅಕ್ಕಿ ತೊಳೆದಂಥ ನೀರು.

“ಇದರಾಗ ಏನೈತ್ರಿ ಬಾಯಾರ?” ಎಂದೆ.

“ಹುಳ.”

“ಹುಳಾನ?”

“ಏಡಿ ಕೊಲ್ಲೋ ಹುಳಾ ಅದಾವಲ್ಲ, ಅವನ್ನ ತಿನ್ನೋ ಹುಳ. ಕಣ್ಣಿಗೆ ಕಾಣೂದಿಲ್ಲ. ಅವುಗಳ ಮೈಯಾಗ ತೂತು ಕೊರದು ಒಳಗ ಹೋಗ್ತಾವ, ಒಳಗ ಕುಂತು ತಿಂದು, ಮರಿ ಮಾಡ್ಕೊಂಡು ಹೊರಗ ಬರ್ತಾವ.”

ಅಯ್ಯ ಶಿವನೇ! ಹುಳ ಬಿದ್ದ ನೀರಿಗೆ ಮತ್ತೆ ಹುಳ ಸುರಿಯುವುದೇ? ನಾವು ಯಾರೂ ಕ್ಯಾನ್ ಮುಟ್ಟಲಿಲ್ಲ. ಬಾಯಿ ನಮ್ಮ ಮುಖ ನೋಡಿದರು. ಮುಚ್ಚಳಕ್ಕೆ ಅಷ್ಟು ಸುರಿದುಕೊಂಡು ಗಟಕ್ಕನೆ ಕುಡಿದೇಬಿಟ್ಟರು! ನನ್ನ ಗಂಡ “ಯಪ್ಪಾ!” ಎಂದು ಎರಡು ಹೆಜ್ಜೆ ಹಿಂದೆ ಸರಿದ. ಬಾಯಿ ಮಾತ್ರ ತುಟಿ ಒರೆಸಿಕೊಂಡು, “ಉಪ್ಪು ಜಾಸ್ತಿ ಆತು. ಮುಳ್ಳಿನಿಂದನ ಮುಳ್ಳು ತೆಗೀಬೇಕವಾ, ಹಾಕ್ರಿ ಇನ್ನ” ಎಂದರು.

ಹಾಕಿದೆವು. ಖರೇ ಹೇಳುತ್ತೇನೆ, ಹದಿನೈದು ದಿನದಲ್ಲಿ ಸಾವು ಕಡಿಮೆಯಾಯಿತು, ಏಡಿಗಳು ಮತ್ತೆ ನಾವು ಹಾಕಿದ ಮೀನು ಕಿತ್ತು ತಿನ್ನತೊಡಗಿದವು. ಆಮೇಲೆ ಪ್ರತಿ ಸಲ ಕ್ಯಾನ್ ಬಂದಾಗಲೂ ಬಾಯಿ ಒಂದು ಮುಚ್ಚಳ ಕುಡಿಯುವರು. ನಾವು ಬೆಚ್ಚಿಬೀಳುವುದನ್ನು ನೋಡಲಿಕ್ಕೇ ಕುಡಿಯುತ್ತಿದ್ದರೋ ಏನೋ.

ನನಗೆ ಮಾತ್ರ ಜೀವ ತಡೆಯುತ್ತಿರಲಿಲ್ಲ. ಚಿಂಬಲದಲ್ಲಿದ್ದಾಗ ಡ್ರಮ್ಮಿನ ನೀರು ಕುಡಿದು ನನ್ನ ಮಗಳಿಗೆ ವಾಂತಿ ಭೇದಿಯಾಗಿ, ಕೂಸು ಇನ್ನೇನು ಕೈಬಿಟ್ಟೇ ಹೋಗುವುದರಲ್ಲಿತ್ತು. ಆಗ ಬಂದ ನರ್ಸಮ್ಮ ಬ್ಲೀಚಿಂಗ್ ಪುಡಿ ಕೊಟ್ಟು, “ಚಿಟಿಕಿ ಹಾಕ್ರಿ, ಕೆಟ್ಟ ಹುಳಾ ಸಾಯ್ತಾವ” ಎಂದಿದ್ದಳು. ಈ ಕತೆಯನ್ನು ಬಾಯಿಗೂ ಹೇಳಿದ್ದೆ. ಒಂದು ಸಲ ಕ್ಯಾನ್ ಹಿಂದಿನ ದಿನವೇ ಬಂತು, ಬಾಯಿ ಮರುದಿನ ಬರುವವರಿದ್ದರು. ಬಂದವರೇ ಮತ್ತೆ ಕುಡಿಯುತ್ತಾರೆ. ಮುಚ್ಚಳ ತೆಗೆದು ಎರಡು ಚಿಟಿಕೆ ಬ್ಲೀಚಿಂಗ್ ಹಾಕಿದೆ. ಸತ್ತರೆ ಕೆಟ್ಟ ಹುಳ ಸಾಯುತ್ತವೆ, ಬಾಯಿಯ ಒಳ್ಳೆ ಹುಳಕ್ಕೇನು ಅಂದುಕೊಂಡೆ. ಅವರ ಹೊಟ್ಟೆ ಕೆಡಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಮರುದಿನ ಪಾತ್ರಾಂವ್‌ನ ಮೊಬೈಲಿಗೆ ಅವರ ಫೋನು. ಜ್ವರ, ಬರಲಾಗುವುದಿಲ್ಲ, ನೀವೇ ಸುರಿಯಿರಿ ಅಂತ. ನಾನೇ ಸುರಿದೆ.

ಎಂಟು ದಿನಕ್ಕೆ ಅರ್ಧ ಹೊಂಡ ಸತ್ತಿತ್ತು. ಪಾತ್ರಾಂವ್ ದಂಡೆಯ ಮೇಲೆ ನಿಂತು ಕೂಗಾಡಿದ. ಯಾರ ತಪ್ಪೋ ಅವರು ಇವತ್ತೇ ಕೋಣೆ ಬಿಟ್ಟು ಗಂಟುಮೂಟೆ ಕಟ್ಟಬೇಕು ಎಂದ. ಸುದ್ದಿ ಕೇಳಿ ಬಂದಿದ್ದ ಬಾಯಿ ಖಾಲಿ ಕ್ಯಾನ್ ಎತ್ತಿ, ಮುಚ್ಚಳ ತಿರುವಿ ಮೂಸಿದರು. ಹಾಗೇ ತಲೆಯೆತ್ತಿ ನನ್ನನ್ನು ನೋಡಿದರು. ಆ ಗಳಿಗೆಯಲ್ಲಿ ನನಗೆ ತಿಳಿಯಿತು, ನಾನು ಏನು ಮಾಡಿದ್ದೆ ಅಂತ. ನನ್ನ ಪುಡಿ ಒಳ್ಳೆ ಹುಳವನ್ನೂ ಕೊಂದಿತ್ತು.

“ನನ್ನ ಕ್ಯಾನೇ ಕೆಟ್ಟಿತ್ತು. ಇವರದೇನೂ ತಪ್ಪಿಲ್ಲ” ಎಂದು ಅವರು ಪಾತ್ರಾಂವ್‌ಗೆ ಕೊಂಕಣಿಯಲ್ಲಿ ಹೇಳಿದರು.

ಅವನು ಆ ವಯಸ್ಸಿನವರನ್ನು ಬಾಯಿಗೆ ಬಂದಂತೆ ಬೈದ, ಇನ್ನು ಈ ಗೇಟಿನೊಳಗೆ ಕಾಲಿಡಬೇಡ ಎಂದ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಹೋಗುವಾಗ ಬಾಯಿ ನನ್ನ ಹತ್ತಿರ ನಿಂತು, “ಪುಡಿ ಕುಡಿಯೋ ನೀರಿಗಷ್ಟ ಹಾಕವಾ” ಎಂದಷ್ಟೇ ಹೇಳಿ ನಡೆದರು.

ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಪಣಜಿಯ ಮನೆ ಹುಡುಕಿಕೊಂಡು ಹೋದೆ. ಅವರ ಅಕ್ಕ ಒಬ್ಬರೇ ಇದ್ದರು. ನಾನು ಹೊಂಡದವಳು ಎಂದ ಕೂಡಲೇ ಹೇಳತೊಡಗಿದರು. ಆ ಕ್ಯಾನ್ ಕೆಟ್ಟ ಸುದ್ದಿ ಎಲ್ಲ ಕಡೆ ಹಬ್ಬಿ, ಆಮೇಲೆ ಒಬ್ಬ ಮಾಲೀಕನೂ ತಂಗಿಯನ್ನು ಹೊಂಡಕ್ಕೆ ಬಿಡಲಿಲ್ಲವಂತೆ. ಎರಡು ವರ್ಷ ಅಡುಗೆಮನೆಯಲ್ಲೇ ಆ ಹುಳಗಳನ್ನು ಸಾಕಿಕೊಂಡಿದ್ದು, ಒಂದು ದಿನ ಎಲ್ಲವನ್ನೂ ಮೋರಿಗೆ ಸುರಿದರಂತೆ.

“ಯಾಕೆ ಕೆಟ್ಟಿತು ಅಂತ ಎಷ್ಟು ಕೇಳಿದರೂ ಅವಳು ಹೇಳಲೇ ಇಲ್ಲ” ಎಂದರು.

ನಾನು ಹೇಳಿದೆ. ಮೊದಲ ಸಲ, ಪೂರಾ ಹೇಳಿದೆ. ಅಕ್ಕ ನನ್ನನ್ನೇ ನೋಡಿದರು.

“ಇದನ್ನು ಹೇಳಲಿಕ್ಕೆ ಅವಳು ಸಾಯಬೇಕಾಗಿತ್ತೇ?” ಎಂದರು.